ಉದ್ಯಾನದ ಮೇಲೆ ಹಾರದ ಡ್ರೋನು

ನಾಸಿಕದಿಂದ ಬೆಳಗಿನ ಬಸ್ಸು ಹೊರಟಾಗ ಚಳಿಗೆ ಕಿಟಕಿಯ ಗಾಜೆಲ್ಲ ಮಸುಕಾಗಿತ್ತು. ಸಂಭಾಜಿನಗರಕ್ಕೆ ಟಿಕೆಟ್ಟು ಮುನ್ನೂರರ ಮೇಲೆ ಚಿಲ್ಲರೆ. ನಾಲ್ಕೈದು ತಾಸಿನ ದಾರಿ. ತೊಡೆಯ ಮೇಲಿನ ಚೀಲದಲ್ಲಿ ನನ್ನ ಡ್ರೋನು ಇತ್ತು. ಚೀಲ ಮೇಲಿಡಿ ಎಂದು ಕಂಡಕ್ಟರ್ ಎರಡು ಸಲ ಹೇಳಿದ. ನಾನು ಕೇಳಿಸದವನಂತೆ ಕುಳಿತೆ.

ಬ್ಯಾಂಕಿನ ವರ್ಗಾವಣೆಯಲ್ಲಿ ಬೀದರಿನಿಂದ ನಾಸಿಕಕ್ಕೆ ಬಂದು ಎರಡು ವರ್ಷವಾಯಿತು. ಮದುವೆಯಾಗಿಲ್ಲ, ಅದರ ಕಥೆ ಇಲ್ಲಿ ಬೇಡ. ಸಂಜೆ ಬ್ಯಾಂಕಿನ ಬಾಗಿಲು ಹಾಕಿದರೆ ಮರುದಿನದವರೆಗೆ ನನ್ನೊಡನೆ ಮಾತಾಡುವವರಿಲ್ಲ. ಹೊತ್ತು ಹೋಗಲೆಂದು ಅಂಗೈಯಗಲದ ಡ್ರೋನೊಂದನ್ನು ಕೊಂಡೆ. ಹಾರಿಸಲು ಮಾತ್ರ ಜಾಗವಿಲ್ಲ. ಓಝರ್‌ನ ವಿಮಾನ ಕಾರ್ಖಾನೆಯ ಸುತ್ತ ಸರಕಾರದ ಡ್ರೋನ್ ನಕ್ಷೆಯೆಲ್ಲ ಕೆಂಪು, ಹಾರಿಸುವಂತಿಲ್ಲ. ಹೀಗಾಗಿ ಸಿನ್ನರ್ ಆಚೆಯ ಬೋಳು ಬಯಲಿಗೆ ಹೋಗುತ್ತಿದ್ದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಒಬ್ಬನೇ ಮನುಷ್ಯ ಕಾಣುತ್ತಿದ್ದ, ಅದೂ ನಾನೇ.

ಅಂಥ ಒಂದು ವಿಡಿಯೊ ಈ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಸಂಭಾಜಿನಗರದಲ್ಲಿ ಕಾಳಿನ ವ್ಯಾಪಾರ ಮಾಡುವ ಭಾಲ್ಕಿಯ ಶರಣಪ್ಪನವರು ಫೋನ್ ಮಾಡಿದರು. "ಎಳ್ಳ ಅಮಾಸಿ ಊಟಕ್ಕ ಬರ್ರಿ ಸಾಹೇಬ್ರ. ನಿಮ್ ಡ್ರೋನ್ ತರ್ರಿ, ಮ್ಯಾಲಿಂದ ಒಂದ್ ಫೋಟೋ ಆಗ್ಲಿ."

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ ಭೂಮಿತಾಯಿಗೆ ಎರಚಿ, ಅಲ್ಲೇ ಉಂಡು ಬರುವುದು. ವ್ಯಾಪಾರಕ್ಕೂ ನೌಕರಿಗೂ ಬಂದವರಿಗೆ ಇಲ್ಲಿ ಹೊಲವೆಲ್ಲಿಯದು? ಅವರು ಅಮಾವಾಸ್ಯೆಯನ್ನು ಮುಂದಿನ ಭಾನುವಾರಕ್ಕೆ ತಳ್ಳಿ, ಹೊಲದ ಬದಲು ಪಾಲಿಕೆಯ ಉದ್ಯಾನಕ್ಕೆ ಬುತ್ತಿ ಒಯ್ಯುತ್ತಾರೆ.

ಡ್ರೋನಿನ ಗುಣವೆಂದರೆ ಫೋಟೋ ತೆಗೆಯುವವನೂ ಫೋಟೋದಲ್ಲಿರಬಹುದು. ಅಷ್ಟು ಜನರ ನಡುವೆ ನಾನೂ ನಿಂತಿರುವ ಒಂದೇ ಒಂದು ಚಿತ್ರ ನನಗೆ ಬೇಕಿತ್ತು. ಬೀದರಿನಲ್ಲಿರುವ ಅಕ್ಕ ಫೋನ್ ಮಾಡಿದಾಗಲೆಲ್ಲ, "ಅಲ್ಲಿ ನಿನಗ ಯಾರರೆ ಅದಾರೇನೋ ತಮ್ಮಾ?" ಎಂದು ಕೇಳುತ್ತಾಳೆ. ಅವಳಿಗೆ ಕಳಿಸಬೇಕಿತ್ತು.

ನಿಫಾಡ್ ಸುತ್ತ ದ್ರಾಕ್ಷಿ ತೋಟ, ಆಮೇಲೆ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು. ಯೇವಲಾದಲ್ಲಿ ಚಹಾಕ್ಕೆ ನಿಂತಾಗ ರಸ್ತೆಯುದ್ದಕ್ಕೂ ಪೈಠಣಿ ಸೀರೆಯ ಬೋರ್ಡುಗಳಿದ್ದವು. ಅಲ್ಲಿ ಬಸ್ಸು ಹತ್ತಿ ನನ್ನ ಪಕ್ಕದಲ್ಲಿ ಕುಳಿತ ಹೆಂಗಸು ಚೀಲದಲ್ಲೇನಿದೆ ಎಂದು ಮರಾಠಿಯಲ್ಲಿ ವಿಚಾರಿಸಿದಳು. ಕ್ಯಾಮೆರಾ ಎಂದೆ. "ಘರಾತ್ ಲಗ್ನ ಆಹೇ ಕಾ?" ಮನೆಯಲ್ಲಿ ಮದುವೆಯೇ ಎಂದು ಕೇಳಿದಳು. ಹೌದೆಂದುಬಿಟ್ಟೆ. ವೈಜಾಪುರದವರೆಗೂ ಇಲ್ಲದ ಮದುವೆಯ ಬಗ್ಗೆ ಉತ್ತರ ಕೊಡಬೇಕಾಯಿತು. ನಿಜ ಹೇಳುತ್ತೇನೆ, ಆ ಮಾತು ಹಿತವಾಗಿತ್ತು.

ಉದ್ಯಾನ ತಲುಪಿದಾಗ ಬಿಸಿಲೇರಿತ್ತು. ಹುಲ್ಲಿನ ಮೇಲೆ ಜಮಖಾನೆ ಹಾಸಿದ್ದರು. ಸಜ್ಜೆ ರೊಟ್ಟಿ, ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ, ಕಡುಬು, ಮಡಕೆಯಲ್ಲಿ ಅಂಬಲಿ. "ಡ್ರೋನ್ ಸಾಹೇಬ್ರು ಬಂದ್ರು" ಎಂದು ಶರಣಪ್ಪನವರು ಕೂಗಿದರು. ನನ್ನ ಹೆಸರು ಯಾರೂ ಕೇಳಲಿಲ್ಲ. ಶರಣಪ್ಪನವರು ಬೇಲಿಯ ಗಿಡಗಳ ಬುಡಕ್ಕೆ ಚರಗ ಚೆಲ್ಲುತ್ತ ನಡೆದರೆ, ಅವರ ಹೆಂಡತಿ ಕಾಶಮ್ಮ ಹಿಂದಿನಿಂದ ನೀರು ಚಿಮುಕಿಸುತ್ತ ಬಂದರು. ಉದ್ಯಾನದ ಕಾವಲುಗಾರ ದೂರದಿಂದ ನೋಡುತ್ತಿದ್ದ.

ನಾನು ಡ್ರೋನಿನ ರೆಕ್ಕೆ ಬಿಡಿಸಿದ್ದೇ ತಡ, ಕಾವಲುಗಾರ ಸೀಟಿ ಊದಿದ. "ಡ್ರೋನ್ ಚಾಲಣಾರ್ ನಾಹೀ, ಸಾಹೇಬ್." ನಡೆಯುವುದಿಲ್ಲ ಎಂದು ಗೇಟಿನ ಬೋರ್ಡು ತೋರಿಸಿದ. ನಾಯಿ, ಕ್ರಿಕೆಟ್, ಹೂ ಕೀಳುವುದು, ಇವುಗಳ ಕೆಳಗೆ ಡ್ರೋನ್ ಎಂದು ಹೊಸ ಬಣ್ಣದಲ್ಲಿತ್ತು. ಇಷ್ಟು ಹಗುರದ್ದಕ್ಕೆ ಪೈಲಟ್ ಪರವಾನಗಿ ಬೇಡವೆಂದು ಓದಿಕೊಂಡಿದ್ದೆ. ಉದ್ಯಾನಕ್ಕೇ ಒಂದು ನಿಯಮ ಇದ್ದೀತೆಂಬುದು ಹೊಳೆದೇ ಇರಲಿಲ್ಲ.

ಶರಣಪ್ಪನವರು ಮರಾಠಿಯಲ್ಲಿ ಪುಸಲಾಯಿಸಿದರು, ಒಂದು ಕಡುಬನ್ನೂ ಕೊಟ್ಟರು. ಕಾವಲುಗಾರ ಕಡುಬು ತಿಂದ, ಮಾತು ಬದಲಿಸಲಿಲ್ಲ. ಹಿಂದೊಮ್ಮೆ ಯಾರದೋ ಡ್ರೋನು ಬಿದ್ದು ವಾಕಿಂಗಿಗೆ ಬಂದಿದ್ದ ಅಜ್ಜಿಯ ತಲೆ ಒಡೆದಿತ್ತಂತೆ. ಅವನದು ನ್ಯಾಯವೇ. ಸಿಟ್ಟು ಮಾಡಿಕೊಳ್ಳಲೂ ನನಗೆ ಯಾರೂ ಸಿಗಲಿಲ್ಲ. ಗೇಟಿನಾಚೆ ಹಾರಿಸೋಣವೆಂದು ನಕ್ಷೆ ತೆರೆದರೆ, ವಿಮಾನ ನಿಲ್ದಾಣ ಹತ್ತಿರ, ಅಲ್ಲೂ ಅನುಮತಿ ಬೇಕು.

"ಇರ್ಲಿ ಬಿಡ್ರಿ," ಎಂದು ಶರಣಪ್ಪನವರು ತಮ್ಮ ಫೋನನ್ನು ನನ್ನ ಕೈಗಿಟ್ಟರು. "ಇದ್ರಾಗೇ ತೆಗೀರಿ. ನಿಮಗ ಛಲೋ ಗೊತ್ತಿರ್ತದ."

ನಾನು ಕಲ್ಲುಬೆಂಚಿನ ಮೇಲೆ ಹತ್ತಿದೆ. ಎಲ್ಲರೂ ಒತ್ತಾಗಿ ನಿಂತರು. "ಕಡೀಕ ನಿಂತಾವ್ರು ಕಾಣವಲ್ರು, ಇನ್ನಷ್ಟು ಹಿಂದ ಹೋಗ್ರಿ," ಎಂದರು ಕಾಶಮ್ಮ. ಬೆಂಚಿನಿಂದ ಇಳಿದು ಹಿಂದೆ ಸರಿದೆ, ಮತ್ತೂ ಸರಿದೆ. ತೆಗೆದ ಮೇಲೆ ಒಬ್ಬರಾದರೂ "ನೀವೂ ಬರ್ರಿ" ಅಂದಾರೆಂದು ಫೋನ್ ಹಿಡಿದೇ ನಿಂತೆ. ನಾನೇ ಕೇಳಬಹುದಿತ್ತು, ಬಾಯಿ ಬರಲಿಲ್ಲ. ಎಲೆ ಹಾಕಿದರು, ಎಲ್ಲರೂ ಊಟಕ್ಕೆ ತಿರುಗಿದರು. ನನಗೂ ಎಲೆತುಂಬ ಬಡಿಸಿದರು. ಉಪಚಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಭಜ್ಜಿ ನಮ್ಮ ಮನೆಯದರಂತೆಯೇ ಇತ್ತು.

ಸಂಜೆಯ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಚೀಲವನ್ನು ಅಲ್ಲೇ ಇಟ್ಟೆ. ವೈಜಾಪುರ ದಾಟುವ ಹೊತ್ತಿಗೆ ಫೋಟೋ ಗುಂಪಿಗೆ ಬಂತು. ಚೆನ್ನಾಗಿಯೇ ಬಂದಿತ್ತು. ಅಷ್ಟೂ ಜನ ನನ್ನತ್ತ ನೋಡಿ ನಗುತ್ತಿದ್ದರು. ಅದರ ಕೆಳಗೆ ಕಾಶಮ್ಮ ಬರೆದಿದ್ದರು: "ಎಲ್ಲಾರೂ ಬಂದೀವಿ ನೋಡ್ರಿ, ಒಬ್ರೂ ಬಿಟ್ಟಿಲ್ಲ."

ಒಂದರ ಹಿಂದೊಂದು ಮೆಚ್ಚುಗೆಯ ಹೆಬ್ಬೆರಳು ಬೀಳತೊಡಗಿದವು. ನಾನೂ ಒಂದು ಒತ್ತಿದೆ.