ಅಕ್ಕನ ಜಪಾನಿ ಬಯಕೆ

ಅಕ್ಕ ಬಸುರಿಯಾಗಿ ತವರಿಗೆ ಬಂದಾಗ ಅವಳಿಗೆ ಐದನೇ ತಿಂಗಳು. ಅಷ್ಟರಲ್ಲಿ ನಿಂತಿರಬೇಕಾಗಿದ್ದ ವಾಂತಿ ನಿಂತಿರಲಿಲ್ಲ. ಮುದ್ದೆಯ ವಾಸನೆ ಆಗದು, ಒಗ್ಗರಣೆಯ ವಾಸನೆ ಆಗದು, ಕೆಲವು ದಿನ ನೀರಿನ ವಾಸನೆಯೂ ಆಗದು. ನೀರಿಗೆ ವಾಸನೆ ಇಲ್ಲ ಎಂದು ನಾನು ಹೇಳಿದ್ದಕ್ಕೆ ಅವಳು ನನ್ನ ವಾಸನೆಯೂ ಆಗುವುದಿಲ್ಲ ಎಂದಳು. ಹುಣಸೂರಿನ ಡಾಕ್ಟರಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಮುಂದಿನ ಸಲ ಬರೋವಾಗ್ಲೂ ಇಷ್ಟೇ ಇದ್ರೆ ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕ್ಬೇಕಾಗುತ್ತೆ. ಮಗು ಬೆಳೀಬೇಕಲ್ಲಮ್ಮ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಕ್ಕ ಏನನ್ನಾದರೂ ತಿನ್ನಬೇಕು, ತಿಂದದ್ದು ಒಳಗೆ ಉಳಿಯಬೇಕು.

ಒಂದು ಬೆಳಿಗ್ಗೆ ಅಕ್ಕ ಹಾಸಿಗೆಯಲ್ಲಿ ಎದ್ದು ಕುಳಿತು ಫೋನನ್ನು ನಮ್ಮೆಲ್ಲರ ಕಡೆ ತಿರುಗಿಸಿ, "ಇದು ಬೇಕು" ಎಂದಳು.

ಅದರಲ್ಲಿ ಯಾವುದೋ ದೇಶದ ಜಪಾನಿ ಹೋಟೆಲು. ಗಿರಾಕಿಗಳು ಮೇಜಿನ ಸುತ್ತ ಕುಳಿತಿದ್ದಾರೆ, ಮೇಜಿನ ನಡುವೆಯೇ ದೊಡ್ಡ ಕಬ್ಬಿಣದ ಕಾವಲಿ. ಎತ್ತರದ ಕೆಂಪು ಟೋಪಿ ಹಾಕಿದ ಅಡುಗೆಯವನು ಮೊಟ್ಟೆಯನ್ನು ಗಾಳಿಯಲ್ಲಿ ಎಸೆದು ಸಟ್ಟುಗದ ಅಂಚಿನ ಮೇಲೆ ಒಡೆಯುತ್ತಾನೆ. ಈರುಳ್ಳಿ ಬಿಲ್ಲೆಗಳನ್ನು ಗೋಪುರದಂತೆ ಜೋಡಿಸಿ ಅದರ ತಲೆಯಿಂದ ಬೆಂಕಿ ಏಳಿಸುತ್ತಾನೆ. ಆಮೇಲೆ ಅನ್ನ, ಬೆಣ್ಣೆ, ಬೆಳ್ಳುಳ್ಳಿ, ಸೋಯಾ ಸಾಸು, ಕಾವಲಿಯ ಮೇಲೆ ಎರಡು ಸಟ್ಟುಗಗಳ ತಾಳ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಅಮ್ಮ ಅದನ್ನು ಕೊನೆಯವರೆಗೂ ನೋಡಿ, "ಚಿತ್ರಾನ್ನಕ್ಕೆ ಇಷ್ಟೊಂದು ರಂಪಾಟವಾ?" ಎಂದಳು.

ಅಜ್ಜಿ ಮಾತ್ರ ಗಂಭೀರಳಾದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುವುದು ಅವಳ ಪಾಲಿಗೆ ನಂಬಿಕೆಯಲ್ಲ, ಅನುಭವ. "ನಿಮ್ಮಪ್ಪಂಗೆ ಕಿವಿ ಯಾಕ್ ಸೋರ್ತಿತ್ತು ಅನ್ಕಂಡಿದ್ದೀಯೆ? ಬೆಂಡು ಬತ್ತಾಸು ಬೇಕು ಕಣಾ ಅಂದೆ ನಿಮ್ ತಾತಂಗೆ. ಸಾಲಿಗ್ರಾಮದ್ ಸಂತೆಗೆ ವೋದೋನು ಎಮ್ಮೆ ಒಡ್ಕಂಡ್ ಬಂದ" ಎಂದಳು. ಅಪ್ಪ ತನಗೆ ಸಂಬಂಧವಿಲ್ಲದವರಂತೆ ಕಿವಿ ಮುಟ್ಟಿಕೊಂಡರು.

ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ನಾನು ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿದವಳು. ಆ ಓದಿನಿಂದ ಮನೆಗೆ ಅದುವರೆಗೂ ಯಾವ ಉಪಯೋಗವೂ ಆಗಿರಲಿಲ್ಲ. "ಅನ್ನದ ಮ್ಯಾಲೇ ಎಂಎಸ್ಸಿ ಮಾಡವ್ಳೆ, ಮಾಡ್ಲಿ ಬುಡು" ಎಂದು ಅಪ್ಪ ತೀರ್ಮಾನ ಕೊಟ್ಟರು.

ಪಿರಿಯಾಪಟ್ಟಣದಿಂದ ಸೋಯಾ ಸಾಸು, ಕ್ಯಾರೆಟ್ಟು, ಬಟಾಣಿ ತಂದೆ. ಆತುರಕ್ಕೆ ಬಿಸಿ ಅನ್ನವನ್ನೇ ಹುರಿದೆ. ಅದು ಕಂದು ಬಣ್ಣದ ಮುದ್ದೆಯಾಯಿತು. ಅಕ್ಕ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಬಚ್ಚಲಿಗೆ ಹೋದಳು.

ತಪ್ಪು ಏನೆಂದು ನನಗೆ ಗೊತ್ತಿತ್ತು. ಈ ಅಡುಗೆಗೆ ಹಿಂದಿನ ದಿನದ ಅನ್ನ ಬೇಕು. ತಣ್ಣಗಾದ ಅನ್ನದಲ್ಲಿ ಪಿಷ್ಟ ಗಟ್ಟಿಯಾಗುತ್ತದೆ, ಅಗುಳು ಅಗುಳು ಬಿಡಿಬಿಡಿಯಾಗಿ ಉಳಿಯುತ್ತದೆ. ಇದನ್ನು ಅಜ್ಜಿಗೆ ವಿವರಿಸಿದೆ. ಅಜ್ಜಿ ಸಮಾಧಾನದಿಂದ ಕೇಳಿಸಿಕೊಂಡು, "ಬಸ್ರಿ ಎಂಗ್ಸಿಗೆ ತಂಗ್ಳು ಇಕ್ತೀಯೇನಮ್ಮಿ? ಇದ್ನ ಕಲಿಯಕ್ಕಾ ಮೈಸೂರ್ಗೆ ವೋಗಿದ್ದು?" ಎಂದಳು. ನಮ್ಮ ಮನೆಯಲ್ಲಿ ತಂಗಳನ್ನ ಮನೆಯವರಿಗೆ ಮಾತ್ರ. ನೆಂಟರಿಗೆ, ಬಾಣಂತಿಗೆ, ಬಸುರಿಗೆ ಇಕ್ಕಿದರೆ ಅದು ಅವಮಾನ.

ವಾದ ಬೆಳೆಸದೆ ಸಂಜೆ ಒಂದು ಪಾತ್ರೆ ಅನ್ನ ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಪಾತ್ರೆ ತೆಗೆದರೆ ಅನ್ನ ನೀರಿನಲ್ಲಿ ಮುಳುಗಿತ್ತು. ಉಳಿದ ಅನ್ನಕ್ಕೆ ನೀರು ಹಾಕದೆ ಅಜ್ಜಿ ಯಾವತ್ತೂ ಮಲಗಿದವಳಲ್ಲ. ಅವಳದು ದ್ವೇಷವೂ ಅಲ್ಲ, ಹಠವೂ ಅಲ್ಲ. "ಯಾರೋ ನೀರ್ ಉಯ್ಯೋದು ಮರ್ತವ್ರೆ ಅಂತ ಉಯ್ದೆ ಕಣವ್ವ" ಎಂದು, ಆ ಅನ್ನಕ್ಕೆ ಮಜ್ಜಿಗೆ ಈರುಳ್ಳಿ ಸೇರಿಸಿಕೊಂಡು ನೆಮ್ಮದಿಯಾಗಿ ತಿಂದಳು.

ಆಗ ಅಪ್ಪ ಮುಂದೆ ಬಂದರು. ನಮ್ಮದು ತಂಬಾಕು ಬೆಳೆಯುವ ಮನೆ. ಎಲೆಯನ್ನು ಎತ್ತರದ ಕೋಣೆಯಂಥ ಬ್ಯಾರನ್‌ನಲ್ಲಿ ತೂಗುಹಾಕಿ, ಕೆಳಗೆ ಒಲೆ ಉರಿಸಿ, ಹದವಾಗಿ ಒಣಗಿಸುವುದರಲ್ಲಿ ಅಪ್ಪನಿಗೆ ಬೆಟ್ಟದಪುರದ ಆಸುಪಾಸಿನಲ್ಲೆಲ್ಲ ಹೆಸರಿದೆ. "ನಿಂಗೆ ಬೇಕಾಗಿರೋದು ತಂಗ್ಳಲ್ಲ ಮಗ, ತ್ಯಾವ ಕಮ್ಮಿ ಇರೋ ಅನ್ನ. ಅಷ್ಟೇ ತಾನೆ? ಅದು ನಮ್ ಕೆಲ್ಸ" ಎಂದರು. ತಾತ್ವಿಕವಾಗಿ ಅವರು ಹೇಳಿದ್ದು ಸರಿ. ನಾನು ಒಪ್ಪಿದ್ದು ಅದಕ್ಕೇ.

ಒಂದು ಸುತ್ತಿನ ತಂಬಾಕಿನ ಸೊಪ್ಪು ಇಳಿಸಿ ಬ್ಯಾರನ್ ಖಾಲಿಯಾಗಿತ್ತು, ಗೋಡೆ ಇನ್ನೂ ಬಿಸಿ ಇತ್ತು. ಅಪ್ಪ ಹೊಸ ಬಿಳಿ ಪಂಚೆಯ ಮೇಲೆ ಬಿಸಿ ಅನ್ನ ಹರಡಿ, ಅದನ್ನು ಕಡ್ಡಿಗಳ ಮೇಲೆ ತೊಟ್ಟಿಲಿನಂತೆ ಕಟ್ಟಿ, ಒಲೆಗೆ ಎರಡು ಕೊರಡು ಸೇರಿಸಿದರು. ಥರ್ಮಾಮೀಟರ್ ನೋಡುವುದು, ಗಾಳಿಕಂಡಿ ತೆರೆಯುವುದು, ಮುಚ್ಚುವುದು. ನಡುನಡುವೆ ಬಾಗಿಲ ಸಂದಿಯಿಂದ ಕೈಹಾಕಿ ಒಂದಗುಳು ತೆಗೆದು ಬೆರಳಲ್ಲಿ ಹೊಸಕಿ, "ಇನ್ನೂ ಕಾಲ ಅದೆ" ಎನ್ನುವರು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು.

ಮಧ್ಯಾಹ್ನ ಅನ್ನ ಇಳಿಯಿತು. ತಟ್ಟೆಗೆ ಸುರಿದಾಗ ಜಲ್ಲಿಯಂತೆ ಸದ್ದಾಯಿತು. ಬಣ್ಣ ಚಿನ್ನದ ಹಳದಿ. ಹತ್ತಿರ ಹೋದರೆ ಬೀಡಿ ಅಂಗಡಿಯ ವಾಸನೆ.

"ಬಣ್ಣ ನೋಡವ್ವ!" ಎಂದು ಅಪ್ಪ ಅಜ್ಜಿಗೆ ತೋರಿಸಿದರು. "ಹರಾಜ್ಗೆ ಆಕುದ್ರೆ ಫಸ್ಟ್ ಗ್ರೇಡು."

ಅಜ್ಜಿ ಒಂದು ಹಿಡಿ ಮೂಸಿ ನೋಡಿದಳು. "ಇದ್ನ ತಿಂದ್ರೆ ಮಗಾ ಬೆಂಕಿಪಟ್ಣ ಕೇಳ್ಕಂಡೇ ಉಟ್ತದೆ ಕಣ್ಲಾ."

ನಾನು ಅದನ್ನು ಯಾರೂ ಮುಟ್ಟಕೂಡದೆಂದು ಹೇಳಿ ತಿಪ್ಪೆಗೆ ಹಾಕಿಸಿದೆ. ಅಪ್ಪ ಬೇಸರ ಮಾಡಿಕೊಂಡರು. ಅಕ್ಕ ಅಂದು ಒಂದು ಲೋಟ ಗಂಜಿ ಕುಡಿದು, ಅದನ್ನೂ ಕಕ್ಕಿ, ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಬಳೆಗಳು ಮೊಣಕೈವರೆಗೂ ಜಾರಿದ್ದವು. ಡಾಕ್ಟರಮ್ಮನ ಬಳಿಗೆ ಮತ್ತೆ ಹೋಗಬೇಕಾದ ದಿನ ಹತ್ತಿರ ಬರುತ್ತಿತ್ತು. ಎಲ್ಲರೂ ನನ್ನ ಅಡುಗೆಯ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ನಾನು ಅಜ್ಜಿಯ ಬಳಿ ಕುಳಿತು ಕೇಳಿದೆ: ತಂಗಳು ಅಂದರೆ ಸರಿಯಾಗಿ ಏನು?

"ರಾತ್ರಿ ಕಳುದ್ರೆ ತಂಗ್ಳು."

"ಬೆಳಿಗ್ಗೆ ಮಾಡಿ ಸಾಯಂಕಾಲ ತಿಂದರೆ?"

ಅಜ್ಜಿ ಯೋಚಿಸಿದಳು. "ರಾತ್ರಿ ನೋಡ್ದೇ ಇರೋ ಅನ್ನ ಎಂಗಮ್ಮಿ ತಂಗ್ಳಾದಾತು? ಅದು ಆರಿದ್ ಅನ್ನ."

"ಅದನ್ನೇ ಅಲ್ವಾ ಪುಳಿಯೋಗರೆಗೆ ಹರವೋದು" ಎಂದು ಅಮ್ಮ ಒಳಗಿನಿಂದ ಕೂಗಿದಳು. ಇದನ್ನು ಅವಳು ಮೊದಲೇ ಹೇಳಬಹುದಿತ್ತು. ಕೇಳಿದ್ದಕ್ಕೆ, "ನೀನು ಜಪಾನಿಂದು ಅಂದೆ, ಪುಳಿಯೋಗರೆ ಅನ್ನಲಿಲ್ಲ" ಎಂದಳು.

ಮರುದಿನ ಮುಂಜಾನೆಯೇ ಉದುರುದುರಾಗಿ ಅನ್ನ ಮಾಡಿ, ಬಾಳೆಲೆಯ ಮೇಲೆ ಹರವಿ, ಫ್ಯಾನಿನ ಕೆಳಗಿಟ್ಟು, ತಣಿದ ಕೂಡಲೇ ಮುಚ್ಚಿ ಫ್ರಿಜ್ಜಿಗೆ ಹಾಕಿದೆ. ಆದರೆ ಅಕ್ಕ ಮಲಗಿದಲ್ಲಿಂದಲೇ, "ಅಡಿಗೆ ಮನೇಲಿ ಮಾಡಿ ತಂದ್ಕೊಟ್ರೆ ಬೇಡ. ಎದುರಿಗೆ ಮಾಡ್ಬೇಕು. ಆ ಥರಾನೇ" ಎಂದಳು. ಬಯಕೆ ಬರಿಯ ಅನ್ನದ್ದಲ್ಲ, ಇಡೀ ವಿಡಿಯೊದ್ದು ಎಂದು ಆಗ ಅರ್ಥವಾಯಿತು. ಅಜ್ಜಿಯೂ ಅವಳ ಪರ ನಿಂತಳು: "ಬಯಕೆನ ಅರ್ಧಂಬರ್ಧ ತೀರಿಸ್ಬಾರ್ದು. ಆಮೇಲೆ ಒಂದು ಕಿವಿ ಸೋರ್ತದೆ."

ಪದವಿ ಪ್ರದಾನದ ದಿನ ವೇದಿಕೆ ಹತ್ತಬೇಕಾಗುತ್ತದೆಂದು ಹೋಗದೆ ಪ್ರಮಾಣಪತ್ರವನ್ನು ಅಂಚೆಯಲ್ಲಿ ತರಿಸಿಕೊಂಡವಳು ನಾನು. ಅಂಥವಳು ಸಂಜೆ ಅಂಗಳದಲ್ಲಿ ನಿಂತಿದ್ದೆ. ಎದುರಿಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಮದುವೆ ಮನೆಗಳಲ್ಲಿ ಒಬ್ಬಟ್ಟು ಬೇಯಿಸುವ ದೊಡ್ಡ ಕಾವಲಿ. ಎರಡೂ ಕೈಯಲ್ಲಿ ಗಾರೆ ಕೆಲಸದವರ ಹೊಸ ಕರಣೆ. ಅಷ್ಟು ಅಗಲದ ಸಟ್ಟುಗ ಮನೆಯಲ್ಲಿರಲಿಲ್ಲ, ಅಪ್ಪ ಕೊಂಡು ತಂದು ಬೂದಿ ಹಾಕಿ ಉಜ್ಜಿದ್ದರು. ಅಕ್ಕ ಕುರ್ಚಿಯಲ್ಲಿ, ಪಕ್ಕದಲ್ಲಿ ಅಜ್ಜಿ, ಅಮ್ಮ, ಅಪ್ಪ. ಸುದ್ದಿ ತಿಳಿದು ಪಕ್ಕದ ಮನೆಯ ಅತ್ತೆಯೂ ಬಂದು ಜಗಲಿಯ ಮೇಲೆ ಕುಳಿತಿದ್ದರು.

"ನಮ್ ಕಾಲ್ದಲ್ಲಿ ಉಣ್ಸೇಕಾಯಿ, ಮಾವಿನ್ಕಾಯಿ. ಬಾಳ ಅಂದ್ರೆ ಗೋಡೆ ಮಣ್ಣು" ಎಂದರು ಆ ಅತ್ತೆ. "ಇದೇನ್ ಕಾಲ ಬಂತು, ಒಟ್ಟೇಲಿರೋ ಮಗಾನೂ ಫೋನ್ ನೋಡ್ತದೆ."

ಮೊದಲ ಮೊಟ್ಟೆಯನ್ನು ಗಾಳಿಯಲ್ಲಿ ಎಸೆದೆ. ಅದು ಕರಣೆಯನ್ನು ತಪ್ಪಿಸಿಕೊಂಡು ಅಪ್ಪನ ಚಪ್ಪಲಿಯ ಮೇಲೆ ಒಡೆಯಿತು. ಅಪ್ಪ ಕಾಲನ್ನು ಅಲ್ಲಾಡಿಸಲಿಲ್ಲ. ಉಳಿದವನ್ನು ಕಾವಲಿಯ ಅಂಚಿಗೆ ಒಡೆದು ಹರಡಿದೆ. ಮುಂದೆ ಈರುಳ್ಳಿ ಗೋಪುರ. ದೊಡ್ಡದರ ಮೇಲೆ ಚಿಕ್ಕದು ಜೋಡಿಸಿ, ಒಂದು ಚಮಚ ಎಣ್ಣೆ ಬಿಟ್ಟು ಕಡ್ಡಿ ಗೀರಿದೆ. ಹತ್ತಲಿಲ್ಲ. ಇನ್ನೊಂದು ಕಡ್ಡಿ. ಅಕ್ಕನ ಮುಖ ಬಾಡತೊಡಗಿತು.

"ಇರಮ್ಮಿ" ಎಂದು ಅಜ್ಜಿ ಎದ್ದು ಒಳಗೆ ಹೋದಳು. ಬಂದವಳು ಏನನ್ನೋ ಗೋಪುರದ ತಲೆಯ ಮೇಲೆ ಹಾಕಿ, "ಈಗ ಗೀರು" ಎಂದಳು. ನಾನು ಗೀರಿದೆ. ಉರಿ ಭಗ್ಗೆಂದು ಎದ್ದಿತು, ವಿಡಿಯೊದಲ್ಲಿದ್ದಂತೆಯೇ, ಇನ್ನೂ ಸ್ವಲ್ಪ ಚೆನ್ನಾಗಿಯೇ. ಅಂಗಳದ ತುಂಬ ಕರ್ಪೂರದ ವಾಸನೆ.

ಆ ವಾಸನೆ ಬಂದೊಡನೆ ಏನಾಯಿತೆಂದರೆ, ಅಪ್ಪ ಚಪ್ಪಲಿ ಕಳಚಿದರು. ಅಮ್ಮ ಸೆರಗು ಹೊದ್ದುಕೊಂಡಳು. ಪಕ್ಕದ ಮನೆಯ ಅತ್ತೆ ಜಗಲಿಯಿಂದ ಇಳಿದು ಬಂದು ಉರಿಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡರು. ಅವರ ಹಿಂದೆ ಅಜ್ಜಿ. ಅಪ್ಪ ಸರದಿಗೆ ಕಾದು, ಕೈಯೊಡ್ಡಿ, ಆರತಿ ತೆಗೆದುಕೊಂಡು ಕೆನ್ನೆ ಕೆನ್ನೆ ಬಡಿದುಕೊಂಡರು. ಕರಣೆ ಹಿಡಿದುಕೊಂಡು ನಾನು ಪೂಜಾರಿಯಂತೆ ನಿಂತೇ ಇದ್ದೆ. ಯಾರಿಗೂ ಏನೂ ವಿಚಿತ್ರವೆನಿಸಲಿಲ್ಲ.

"ಈರುಳ್ಳಿಗೆ ಮಂಗಳಾರತಿ ಮಾಡ್ಬುಟ್ರಲ್ಲಾ!" ಎಂದು ಮೊದಲು ಕಿರುಚಿದ್ದು ಅಕ್ಕ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತವರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಗಾಬರಿಯಾಗಿ, "ನಗಬೇಡ ಕಣೇ, ವಾಂತಿಯಾದೀತು" ಎಂದಳು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಅಜ್ಜಿ ಮಾತ್ರ, "ಯಾಕ್ ನಗ್ತೀರಿ? ಕರ್ಪೂರ ಉರೀತು, ಕೈ ಮುಗುದ್ವಿ. ಯಾವ್ ದೇವ್ರಾದ್ರೇನು?" ಎಂದಳು.

ಪೂಜೆಯ ಕರ್ಪೂರ ತಿನ್ನುವಂಥದ್ದಲ್ಲ. ಗೋಪುರವನ್ನೂ ಹರಡಿದ್ದ ಮೊಟ್ಟೆಯನ್ನೂ ಎತ್ತಿ ದೂರ ಹಾಕಿ, ಕಾವಲಿಯನ್ನು ಇಳಿಸಿ ತೊಳೆದು, ಮತ್ತೆ ಕಾಯಿಸಿದೆ. ಈ ಸಲ ಆಟವಾಡಲಿಲ್ಲ. ಬೇರೆ ಮೊಟ್ಟೆ ಒಡೆದು ಹುರಿದು ಬದಿಗಿಟ್ಟೆ. ಮನೆಯ ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಕಾವಲಿಗೆ ಬಿಟ್ಟೆ. ಈರುಳ್ಳಿ, ಕ್ಯಾರೆಟ್ಟು, ಬಟಾಣಿ, ಆಮೇಲೆ ತಣ್ಣನೆಯ ಅನ್ನ. ಅಗುಳುಗಳು ಒಂದಕ್ಕೊಂದು ಅಂಟದೆ ಕಾವಲಿಯ ಮೇಲೆ ಹರಡಿಕೊಂಡವು. ಮೊಟ್ಟೆ ಬೆರೆಸಿದೆ. ಸೋಯಾ ಸಾಸನ್ನು ಅನ್ನದ ಮೇಲಲ್ಲ, ಬಿಸಿ ಕಬ್ಬಿಣದ ಮೇಲೆ ಸುರಿದೆ. ಅದು ಚುಂಯ್ ಎಂದು ನೊರೆಗಟ್ಟಿ ಕಂದು ಹೊಗೆ ಎದ್ದಾಗ, ನನಗೇ ತಿಳಿಯದಂತೆ ಎರಡು ಕರಣೆಗಳು ಕಾವಲಿಯ ಮೇಲೆ ತಾಳ ಹಾಕತೊಡಗಿದವು. ಪಕ್ಕದ ಮನೆಯ ಅತ್ತೆ ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಲಿಲ್ಲ.

ಅಕ್ಕನ ಕೈಗೆ ತಟ್ಟೆ ಕೊಟ್ಟೆ. ಅವಳು ಮೊದಲು ಮೂಸಿದಳು. ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ತಟ್ಟೆ ಖಾಲಿಯಾಯಿತು. ಆದರೂ ಯಾರೂ ಏಳಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಊಟ ಮುಗಿದಿದೆಯೋ ಇಲ್ಲವೋ ಎನ್ನುವುದು ಆಗ ತಟ್ಟೆಯಿಂದ ನಿರ್ಧಾರವಾಗುತ್ತಿರಲಿಲ್ಲ. ನಾವು ಅವಳ ಗಂಟಲನ್ನೇ ನೋಡುತ್ತ ಕುಳಿತೆವು. ಒಲೆಯ ಉರಿ ಇಳಿದು ಕೆಂಡವಾಯಿತು.

ಅಕ್ಕ ಇದ್ದಕ್ಕಿದ್ದಂತೆ ಎದ್ದಳು. ಎಲ್ಲರೂ ಎದ್ದೆವು. ಅಮ್ಮ ಬಚ್ಚಲ ಬಾಗಿಲು ತೆಗೆಯಲು ಓಡಿದಳು, ಅಪ್ಪ ಚೊಂಬು ಎತ್ತಿಕೊಂಡರು. ಅಕ್ಕ ಅವರಿಬ್ಬರನ್ನೂ ದಾಟಿ ನೇರ ಒಲೆಯ ಬಳಿಗೆ ಬಂದು ಖಾಲಿ ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಅದೇ ರುಚಿಯೇನಮ್ಮಿ?" ಎಂದು ಅಜ್ಜಿ ಹಿಂದಿನಿಂದ ಕೇಳಿದಳು. "ಫೋನಲ್ಲಿದ್ದುದ್ದೇಯಾ?"

"ನಂಗೇನ್ ಗೊತ್ತಜ್ಜಿ? ನಾನೇನು ತಿಂದಿದ್ನಾ?" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಸುಮ್ನೆ ಯಾಕೆ ನಿಂತಿದ್ದೀಯೇ? ತಳ ಹಿಡ್ದಿರೋದನ್ನ ಕೆರೆದು ಹಾಕು" ಎಂದಳು.

ನಾನು ಕರಣೆಯಿಂದ ಕೆರೆದು ಹಾಕಿದೆ.