ಗ್ಲಾಸಕ್ಕ ಕೂಡಿಟ್ಟ ಕಡ್ಡಿಗಳು

ಬಾರಿನ ಹಿಂಭಾಗದಲ್ಲಿ ಹದಿನೆಂಟು ವರ್ಷದಿಂದ ಗ್ಲಾಸು ತೊಳೆಯುತ್ತಿದ್ದವಳನ್ನು ಎಲ್ಲರೂ ಗ್ಲಾಸಕ್ಕ ಎಂದೇ ಕರೆಯುತ್ತಿದ್ದರು. ಮದ್ಯ ಕಲಕುವ ಹಳೇ ಪ್ಲಾಸ್ಟಿಕ್ ಕಡ್ಡಿಗಳನ್ನು ಮಾಲೀಕ ಮುಚ್ಚಿಹೋದ ಹೋಟೆಲುಗಳಿಂದ ಪೆಟ್ಟಿಗೆಗಟ್ಟಲೆ ತಂದಿದ್ದ. ಒಂದರ ತಲೆಯಲ್ಲಿ ಹುಂಜ, ಒಂದರಲ್ಲಿ ಹಡಗು, ಮತ್ತೊಂದರಲ್ಲಿ ಈಗಿಲ್ಲದ ಹೋಟೆಲಿನ ಹೆಸರು. ಗಿರಾಕಿಗಳು ಬಿಟ್ಟುಹೋದವುಗಳಲ್ಲಿ ಚೆಂದದ್ದನ್ನು ಅವಳು ತೊಳೆದು, ತಾರೀಖಿನ ಚೀಟಿ ಕಟ್ಟಿ, ಮನೆಯ ಜಾಡಿಗಳಲ್ಲಿ ತಲೆ ಮೇಲಾಗಿ ನಿಲ್ಲಿಸುತ್ತಿದ್ದಳು. ಕುಡುಕರು ಜಗಿದ ತುದಿ ಕೆಳಗೆ, ಕಣ್ಣಿಗೆ ಬೀಳದ ಹಾಗೆ. ಕಡ್ಡಿ ಕೂಡಿಟ್ಟು ಏನು ಕಟ್ಟುತ್ತೀಯ ಎಂದು ಅಡುಗೆಯವನು ಕೆಣಕಿದರೆ, ನೀನು ಕೂಡಿಟ್ಟದ್ದು ಬರೀ ಹೊಟ್ಟೆ ಎನ್ನುತ್ತಿದ್ದಳು.

ಬಾಯಿಯಂತೆ ಕೈಯೂ ಜೋರು. ಕಳೆದ ವರ್ಷ ತಂಗಿಯ ಗಂಡ ಕುಡಿದು ಬಂದು ಹೆಂಡತಿಯ ಹೊಟ್ಟೆಗೆ ಒದ್ದಾಗ, ಗ್ಲಾಸಕ್ಕ ಕಬ್ಬಿಣದ ಬಾಣಲೆಯನ್ನು ಅವನ ಮುಖಕ್ಕೆ ಬೀಸಿದ್ದಳು. ಮೇಲಿನ ಮುಂಹಲ್ಲು ಓರೆಯಾಗಿ ಮುರಿದು, ರಕ್ತ ಅಂಗಿಯ ಗುಂಡಿವರೆಗೂ ಇಳಿದಿತ್ತು. ಹಲ್ಲು ಉದುರಿಸುತ್ತೇನೆ ಎನ್ನುವವರು ಬಹಳ ಜನ. ಅರ್ಧವಾದರೂ ಉದುರಿಸಿದವಳು ಇವಳು. ಅಂದೇ ತಂಗಿಯನ್ನು ಮನೆಗೆ ಕರೆತಂದಳು.

ಅವನು ತಿಂಗಳುಗಟ್ಟಲೆ ಬಾಗಿಲಲ್ಲಿ ಕೂತು ಅತ್ತ. ಕುಡಿತ ಬಿಟ್ಟೆ ಎಂದು ಆಣೆ ಇಟ್ಟ. ತಂಗಿ ನಂಬಲಿಲ್ಲ, ಭಯವಾಗುತ್ತದೆ ಎಂದಳು. ನಂಬಿದವಳು ಗ್ಲಾಸಕ್ಕ. ಹೋಗು, ಕುಡಿಯದಿದ್ದರೆ ಅವನು ಕುರಿಮರಿ ಎಂದು ತಾನೇ ಬುದ್ಧಿ ಹೇಳಿ ಒಂದನೇ ತಾರೀಖು ಕಳಿಸಿಕೊಟ್ಟಳು.

ಇಪ್ಪತ್ತನೆಯ ದಿನದ ಮಧ್ಯಾಹ್ನ ತೊಳೆಯಲು ಬಂದ ತಟ್ಟೆಯಲ್ಲಿ ಒಂದು ಕೆಂಪು ಕಡ್ಡಿಯ ತಲೆ ಮುರಿದಿತ್ತು. ನೋಡಲು ತಲೆಯೇ ಇಲ್ಲದ್ದರಿಂದ ಅವಳು ತುದಿ ನೋಡಿದಳು. ಮೂರು ಹಲ್ಲಿನ ಗುರುತು ನೇರ, ಒಂದು ಓರೆ. ತನ್ನ ಬಾಣಲೆಯ ಕೆಲಸ ಅವಳಿಗೆ ಗೊತ್ತಾಗದೆ ಇದ್ದೀತೇ? ಸರ್ವರನ್ನು ಕೇಳಿದಳು. ಮುಂಹಲ್ಲು ಮುರಿದವನು ಗ್ಲಾಸು ಒಡೆದು, ಬೈದಾಡಿ ಈಗಷ್ಟೇ ಎದ್ದು ಹೋದ ಎಂದ. ಅವಳಿಗೆ ಮುಂದಿನ ಕೋಣೆಗೆ ಬರುವ ಅಪ್ಪಣೆ ಇಲ್ಲ ಎಂಬುದು ಆ ನೀಚನಿಗೆ ಗೊತ್ತಿತ್ತು. ಅವಳು ತೊಳೆದ ಗ್ಲಾಸಿನಲ್ಲೇ ಕುಡಿಯುವುದು ಅವನಿಗೊಂದು ಮೋಜು.

ಒದ್ದೆ ಕೈಯಲ್ಲೇ ತಂಗಿಯ ಮನೆಗೆ ಓಡಿದಳು. ಚಿಲಕ ಹಾಕಿದ ಬಾಗಿಲ ಹಿಂದೆ ಏನೋ ಗೋಡೆಗೆ ದಪ್ ದಪ್ ಎಂದು ಬಡಿಯುತ್ತಿತ್ತು. ನಾಲ್ಕನೇ ಒದೆತಕ್ಕೆ ಚಿಲಕ ಕಿತ್ತುಬಂತು. ಬಡಿಯುತ್ತಿದ್ದದ್ದು ತಂಗಿಯ ತಲೆ. ಅವನು ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದ. ಗೋಡೆಯ ಒಂದೇ ಜಾಗ ಕೆಂಪಾಗಿತ್ತು. ಗ್ಲಾಸಕ್ಕ ಅವನ ಕುತ್ತಿಗೆಗೆ ಜೋತುಬಿದ್ದಳು. ಅವನು ಅವಳನ್ನು ಕೊಡವಿ ಬಾಗಿಲಿಗೆ ದಬ್ಬಿ, ಚೌಕಟ್ಟು ಹಿಡಿದಿದ್ದ ಬಲಗೈ ಮೇಲೆಯೇ ಬಾಗಿಲನ್ನು ಎರಡು ಸಲ ಅಪ್ಪಳಿಸಿದ. ಬೆರಳುಗಳು ಲಟಲಟ ಮುರಿದವು. ಮೂರನೇ ಸಲಕ್ಕೆ ಬಾಗಿಲು ಎಳೆಯುವಷ್ಟರಲ್ಲಿ, ಜನ್ಮದಲ್ಲಿ ಯಾರ ಮೇಲೂ ಕೈ ಎತ್ತದ ತಂಗಿ ಹಿಂದಿನಿಂದ ಬಂದು ಕುಕ್ಕರನ್ನು ಅವನ ಮೊಣಕಾಲಿಗೆ ಬಡಿದಳು. ಅವನು ಬಿದ್ದ ಮೇಲೂ ಬಡಿದಳು. ಕಾಲು ತಿರುಗಬಾರದ ಕಡೆ ತಿರುಗುವವರೆಗೆ ಬಡಿದಳು. ಕೊನೆಗೆ ನೆರೆಯವರು ಬಂದು ಹಿಡಿದರು, ಪೊಲೀಸರು ಅವನನ್ನು ಹೊತ್ತೊಯ್ದರು.

ಎರಡು ವಾರದ ನಂತರ ಅಕ್ಕನ ಕೈಗೆ ಪ್ಲಾಸ್ಟರು, ತಂಗಿಯ ತಲೆಗೆ ಹನ್ನೊಂದು ಹೊಲಿಗೆ. ಕೂತು ಕೂತು ಬೇಸರವಾಗಿ ತಂಗಿ ಜಾಡಿಗಳ ಧೂಳು ಒರೆಸಲು ಕಡ್ಡಿಗಳನ್ನು ಹೊರತೆಗೆದಳು. ಬಿಳಿ ಕುದುರೆಯ ತಲೆಯ ಒಂದನ್ನು ತಿರುಗಿಸಿ ನೋಡಿದವಳು ಹಾಗೇ ನಿಂತಳು. ಮೂರು ನೇರ, ಒಂದು ಓರೆ. ಹುಡುಕಿದಾಗ ಅಂಥವು ಇನ್ನೂ ನಾಲ್ಕು ಸಿಕ್ಕವು. ಅವಳು ಒಂದೊಂದೇ ಚೀಟಿ ಓದಿದಳು.

"ಅಕ್ಕಾ, ಇವೆಲ್ಲಾ ನೀನು ನನ್ನನ್ನ ಕಳಿಸೋದಕ್ಕೆ ಮುಂಚಿನವು."

ಗ್ಲಾಸಕ್ಕ ಎಡಗೈಯಲ್ಲಿ ಕುದುರೆಯ ಕಡ್ಡಿ ತೆಗೆದುಕೊಂಡು ತುದಿ ನೋಡಿದಳು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತುದಿ ನೋಡ್ಲಿಲ್ಲ ಕಣೇ. ಕುದುರೆ ಚೆನ್ನಾಗಿತ್ತು, ಎತ್ತಿಟ್ಕೊಂಡೆ."

ತಂಗಿ ಎಲ್ಲಾ ಕಡ್ಡಿಗಳನ್ನು ಒರೆಸಿ ಮತ್ತೆ ಜಾಡಿಗಳಿಗೆ ಹಾಕಿದಳು, ಈ ಸಲ ತಲೆ ಕೆಳಗೆ, ಜಗಿದ ತುದಿ ಮೇಲೆ.