ಅವರಿಗೆ ಕಾಣದ ಹಳೆಯ ಫೋಲ್ಡರ್

ಕೊಪ್ಪದಲ್ಲಿ ನನ್ನದೊಂದು ಮದುವೆ ಆಲ್ಬಮ್ ಮಾಡುವ ಅಂಗಡಿಯಿದೆ. ಶೃಂಗೇರಿ, ನರಸಿಂಹರಾಜಪುರದ ಫೋಟೋಗ್ರಾಫರುಗಳು ತಾವು ತೆಗೆದ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ನಮ್ಮ ಅಂಗಡಿಯ ಸರ್ವರಿಗೆ ಕಳಿಸುತ್ತಾರೆ. ಒಬ್ಬೊಬ್ಬರಿಗೂ ನಾನೇ ಮಾಡಿಕೊಟ್ಟ ಬೇರೆ ಬೇರೆ ಲಾಗಿನ್. ಅವರಲ್ಲಿ ಎಲ್ಲರಿಗಿಂತ ಹಿರಿಯರು ನರಸಿಂಹರಾಜಪುರದವರು. ರೀಲಿನ ಕಾಲದಿಂದ ಕ್ಯಾಮೆರಾ ಹಿಡಿದವರು. ನನ್ನನ್ನು ತಂಗಿ ಎಂದೇ ಕರೆಯುತ್ತಾರೆ.

ಹೋದ ವರ್ಷ ಮದುವೆಗಳ ಭರಾಟೆಯಲ್ಲೇ ಹಳೆಯ ಸರ್ವರ್ ಕೈಕೊಟ್ಟಿತು. ಹೊಸದನ್ನು ತಂದು ಎಲ್ಲರ ಫೋಲ್ಡರುಗಳನ್ನೂ ಅದಕ್ಕೆ ಸಾಗಿಸಿದೆ. ಎರಡು ದಿನ ಕಳೆದು ಆ ಹಿರಿಯರ ಫೋನ್ ಬಂತು.

"ತಂಗಿ, ಲಾಗಿನ್ ಆಗ್ತದೆ. ಈಗ ಹಾಕಿದ್ದು ಕಾಣ್ತದೆ. ಹಳೇದೊಂದು 'ಮನೆ' ಅಂತ ಫೋಲ್ಡರ್ ಇತ್ತು, ಅದೇ ಕಾಣ್ತಿಲ್ಲ ನೋಡು."

ನನ್ನ ಲಾಗಿನ್ನಿನಲ್ಲಿ ತೆರೆದು ನೋಡಿದೆ. ಫೋಲ್ಡರ್ ಇದ್ದ ಜಾಗದಲ್ಲೇ ಇತ್ತು.

"ಇದೆಯಲ್ಲ, ನನಗೆ ಕಾಣ್ತಿದೆ. ನಿಮ್ಮ ನೆಟ್ ಸರಿಯಿಲ್ಲ ಅನ್ಸುತ್ತೆ."

ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಎಂದೆ. ಸೆಟ್ಟಿಂಗಿನಲ್ಲಿ ಅದನ್ನು ಒತ್ತಿ, ಇದನ್ನು ಬದಲಿಸಿ ಎಂದೆ. ಅವರು ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡು ಮಾಡಿ, ಮರುದಿನ ಮತ್ತೆ ಫೋನ್ ಮಾಡುತ್ತಿದ್ದರು. ಒಮ್ಮೆ ಕೇಳಿದೆ, "ಅರ್ಜೆಂಟಾ?"

"ಅರ್ಜೆಂಟ್ ಅಂತಲ್ಲ. ಸಿಕ್ಕಿದ್ರೆ ಒಳ್ಳೇದಿತ್ತು."

ಯಾವುದೋ ಹಳೆಯ ಆಲ್ಬಮ್ ಇರಬೇಕು ಎಂದುಕೊಂಡೆ. ಏನಿದೆ ಎಂದು ತೆರೆದು ನೋಡುವಷ್ಟು ಪುರುಸೊತ್ತನ್ನೂ ಮಾಡಿಕೊಳ್ಳಲಿಲ್ಲ. ಆಮೇಲೆ ಫೋನ್ ನಿಂತಿತು. ಸರಿಹೋಗಿರಬೇಕೆಂದು ಸುಮ್ಮನಾದೆ.

ತಿಂಗಳ ಮೇಲೆ ಅವರೇ ಅಂಗಡಿಗೆ ಬಂದರು. ಸೊರಗಿದ್ದರು, ಗಡ್ಡ ಬೆಳೆದಿತ್ತು.

"ಮನೆಯವಳು ಹೋದ್ಲು ತಂಗಿ. ಎರಡು ತಿಂಗಳು ಮಲಗಿದಲ್ಲೇ ಇದ್ಲು."

ನಿಧಾನವಾಗಿ ಉಳಿದದ್ದನ್ನೂ ಹೇಳಿದರು. ಹಿರೇಕೊಡಿಗೆ ಎಂಬ ಊರು ಅವರ ಹೆಂಡತಿಯ ತವರು. ಅಲ್ಲಿ ಅತ್ತೆಯವರದ್ದು ಕೆಲವು ಫೋಟೋ ತೆಗೆದಿದ್ದರು. ಅತ್ತೆ ತೀರಿಹೋಗಿ ಎಷ್ಟೋ ವರ್ಷ. ಮನೆಯ ಹಾರ್ಡ್‌ಡಿಸ್ಕ್ ಹಾಳಾದ ಮೇಲೆ ಆ ಫೋಟೋಗಳು ಉಳಿದದ್ದು ನಮ್ಮ ಸರ್ವರಿನಲ್ಲಿ ಮಾತ್ರ.

"ಅಮ್ಮನ ಮುಖ ನೆನಪಿಗೆ ಬರ್ತಿಲ್ಲ, ಒಂದ್ಸಲ ತೋರ್ಸಿ ಅಂತಿದ್ಲು."

"ಒಂದು ಮಾತು ಹೇಳಿದ್ರೆ ನಾನೇ ಮೊಬೈಲಿಗೆ ಕಳಿಸ್ತಿದ್ದೆನಲ್ಲ!"

"ಹೇಳಕ್ಕೆ ಬಾಯಿ ಬರ್ಲಿಲ್ಲ. ನಿಂಗೂ ಕೈತುಂಬ ಕೆಲಸ ಇತ್ತು."

ಅವರನ್ನು ನನ್ನ ಕುರ್ಚಿಯಲ್ಲೇ ಕೂರಿಸಿ, ಅವರ ಲಾಗಿನ್ ಹಾಕಲು ಹೇಳಿದೆ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. 'ಮನೆ' ಇರಲಿಲ್ಲ. ಅಷ್ಟು ದಿನ ಅವರು ಹೇಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದು ಆಗಲೇ. ಸರ್ವರಿನಲ್ಲಿ ಹುಡುಕಿದರೆ ಕಾರಣ ಸಿಕ್ಕಿತು. ಹೊಸ ಯಂತ್ರಕ್ಕೆ ಸಾಗಿಸುವಾಗ ಹಳೆಯ ಫೋಲ್ಡರುಗಳೆಲ್ಲ ನನ್ನ ಹೆಸರಿಗೆ ಸೇರಿದ್ದವು. ಅವುಗಳನ್ನು ನೋಡುವ ಅನುಮತಿ ಅವರಿಗೆ ಕೊಡುವುದನ್ನೇ ಮರೆತಿದ್ದೆ. ಒಂದು ಟಿಕ್ ಹಾಕಿದೆ. ಫೋಲ್ಡರ್ ಬಂತು.

"ತಪ್ಪು ನಂದೇ. ನಿಮ್ಮ ನೆಟ್ ಸರಿಯಾಗೇ ಇತ್ತು," ಎಂದೆ.

ಅವರು ಫೋಲ್ಡರಿನಲ್ಲಿ ಹುಡುಕಿ ಒಂದು ಚಿತ್ರ ತೆರೆದರು. ಅಂಗಳದಲ್ಲಿ ಹಪ್ಪಳ ಹರಡುತ್ತಿದ್ದ ಅಜ್ಜಿ ಕೈಯೆತ್ತಿ ಗದರುತ್ತಿದ್ದರು. ಪಕ್ಕದಲ್ಲಿ ಆ ಅಜ್ಜಿಯ ಮಗಳು, ಇವರ ಹೆಂಡತಿ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ನಂಗೆ ಬಯ್ತಿದ್ರು. ಹಪ್ಪಳದ ಮೇಲೆ ನೆರಳು ಬೀಳ್ತದೆ, ಆಚೆ ಹೋಗಿ ಅಂತ."

ಅದೊಂದನ್ನೇ ಪ್ರಿಂಟ್ ಹಾಕಿಸಿಕೊಂಡರು. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. "ಬೇಜಾರು ಮಾಡ್ಕೋಬೇಡ ಮಾರಾಯ್ತಿ," ಎಂದು ಬಸ್ ಹತ್ತಿದರು.

ಅಂಗಡಿಗೆ ಬಂದವಳೇ ಉಳಿದವರ ಲಾಗಿನ್ನುಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ. ಶೃಂಗೇರಿಯ ಇಬ್ಬರಿಗೂ ಹಳೆಯದೊಂದೂ ಕಾಣುತ್ತಿರಲಿಲ್ಲ. ಅವರಿಬ್ಬರೂ ನನ್ನನ್ನು ಕೇಳಿಯೂ ಇರಲಿಲ್ಲ.